ಆ ಯಾನದಲ್ಲಿ ಆರ್ಬಾನ್ ಇದ್ದನೇ?

ಕಾರ್ನೆಟ್, ಟ್ರಂಪೆಟ್ ಕಲಿತವರಿಗೆ ಆರ್ಬಾನ್ ಹೆಸರು ಹೊಸದಲ್ಲ. 1864ರಲ್ಲಿ ಹೊರಬಂದ ಆತನ ಪಾಠಪುಸ್ತಕವನ್ನು ಇವತ್ತಿಗೂ ಎದುರಿಗಿಟ್ಟುಕೊಂಡು ಅಭ್ಯಾಸ ಮಾಡುತ್ತಾರೆ. ಆತನ ಬಗ್ಗೆ ಬಾಯಿಂದ ಬಾಯಿಗೆ ಬಂದ ಮಾತೊಂದಿದೆ: ನೆಪೋಲಿಯನ್ನನ ಪಾರ್ಥಿವ ಶರೀರವನ್ನು ಸೇಂಟ್ ಹೆಲೆನಾದಿಂದ ಫ್ರಾನ್ಸಿಗೆ ತಂದ ‘ಬೆಲ್ ಪೂಲ್’ ಯುದ್ಧನೌಕೆಯಲ್ಲಿ ಆರ್ಬಾನ್ ಬ್ಯಾಂಡ್ ನುಡಿಸಿದ್ದ.

ಯಾನ ನಡೆದದ್ದು ನಿಜ. 1840ರ ಜುಲೈನಲ್ಲಿ ತೂಲೋನಿನಿಂದ ಹೊರಟ ನೌಕೆ ಅಕ್ಟೋಬರಿನಲ್ಲಿ ಶವಪೆಟ್ಟಿಗೆಯನ್ನು ಹತ್ತಿಸಿಕೊಂಡು ನವೆಂಬರ್ ಕೊನೆಗೆ ಶೆರ್ಬೂರ್ ಸೇರಿತು. ಆರ್ಬಾನ್ ಅದರ ಬ್ಯಾಂಡಿನಲ್ಲಿ ದುಡಿದದ್ದೂ ನಿಜ. ಪ್ರಶ್ನೆ ಇರುವುದು ‘ಯಾವಾಗ’ ಎಂಬಲ್ಲಿ. ಆತ ಲಿಯಾನಿನಲ್ಲಿ ಹುಟ್ಟಿದ್ದು 1825ರ ಫೆಬ್ರವರಿ 28ರಂದು. ಆ ಯಾನದ ಹೊತ್ತಿಗೆ 15 ವರ್ಷದ ಹುಡುಗ. ವಯಸ್ಸೊಂದನ್ನೇ ಹಿಡಿದು ಕಥೆಯನ್ನು ತಳ್ಳಿಹಾಕುವಂತಿಲ್ಲ. ಅಮೆರಿಕದ ಬ್ಯಾಂಡ್ ಸಂಗೀತಗಾರ ಸೂಸಾ 13ಕ್ಕೇ ಮರೀನ್ ಬ್ಯಾಂಡಿನಲ್ಲಿ ಅಪ್ರೆಂಟಿಸ್ ಆಗಿದ್ದ. ವಯಸ್ಸಿನ ದಾರಿ ಅಲ್ಲಿಗೇ ಮುಚ್ಚಿತು.

ಬೆಳಕು ಬಿದ್ದದ್ದು ಇನ್ನೊಂದು ತೊಡಕಿನಿಂದ. ಆರ್ಬಾನ್ ಪ್ಯಾರಿಸ್ ಕನ್ಸರ್ವೇಟರಿ ಎಂಬ ಸಂಗೀತ ಶಾಲೆಯ ಮೇಷ್ಟ್ರಾದದ್ದು 1857ರಲ್ಲಿ ಎಂದು ಕೆಲವರು ಬರೆದರೆ, 1869ರಲ್ಲಿ ಎನ್ನುತ್ತಾರೆ ಮತ್ತೆ ಕೆಲವರು. ಕೂಡಿಸಿ ನೋಡಿದರೆ ಎರಡೂ ಸರಿ. 1857ರಲ್ಲಿ ಸೇನೆಯ ವಿದ್ಯಾರ್ಥಿಗಳಿಗೆಂದೇ ತರಗತಿ ತೆರೆದಾಗ ಆತ ಕಲಿಸಿದ್ದು ಸ್ಯಾಕ್ಸ್‌ಹಾರ್ನ್. ಕಾರ್ನೆಟ್ಟಿಗೆ ಪ್ರತ್ಯೇಕ ತರಗತಿ ಬಂದದ್ದು 1869ರಲ್ಲಿ. ಒಂದೇ ಸಂಸ್ಥೆ, ಎರಡು ಹುದ್ದೆ, ನಡುವೆ 12 ವರ್ಷ. ಹಾಗಾದರೆ ‘ಬೆಲ್ ಪೂಲ್’ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಕಾಲಗಳು ಬೆರೆತಿರಬಹುದಲ್ಲ?

ಇಲ್ಲಿ ನೆರವಿಗೆ ಬರುವುದು ಕಾನ್‌ಸ್ತಾಂ ಪಿಯೆರ್ 1900ರಲ್ಲಿ ಹೊರತಂದ ಸಾವಿರ ಪುಟದ ಗ್ರಂಥ. ಕನ್ಸರ್ವೇಟರಿಯ ಕಚೇರಿಯಲ್ಲೇ ಕೆಲಸ ಮಾಡುತ್ತಿದ್ದ ಪಿಯೆರ್, ಬಹುಮಾನ ಪಡೆದ ವಿದ್ಯಾರ್ಥಿಗಳನ್ನೆಲ್ಲ ಅಕಾರಾದಿಯಾಗಿ ಪಟ್ಟಿ ಮಾಡಿದ್ದಾರೆ: ಹೆಸರು, ಹುಟ್ಟೂರು, ಜನ್ಮದಿನ, ವಾದ್ಯ, ಬಹುಮಾನದ ವರ್ಷ. ಇಂಥ ಒಣ ಸಾಲುಗಳ ಮೇಲೆ ನನಗೆ ನಂಬಿಕೆ ಹೆಚ್ಚು. ಬರೆದವರಿಗೆ ಕಥೆ ಹೇಳುವ ಉದ್ದೇಶವೇ ಇರಲಿಲ್ಲ. 1841ರಲ್ಲಿ ಅದೇ ಕನ್ಸರ್ವೇಟರಿಗೆ ದೊವೆರ್ನೆಯ ಬಳಿ ಟ್ರಂಪೆಟ್ ಕಲಿಯಲು ಸೇರಿದ ಆರ್ಬಾನ್‌ಗೆ ಮೊದಲ ಬಹುಮಾನ ಬಂದದ್ದು 1845ರಲ್ಲಿ. ನೌಕಾ ಸೇವೆಯನ್ನು ಜೀವನಚರಿತ್ರಕಾರರು ಅದರ ನಂತರಕ್ಕೆ, 1852ರವರೆಗೆ ಇಡುತ್ತಾರೆ. ಬ್ಯಾಂಡ್ ಮಾಸ್ಟರ್ ಆಗಿದ್ದವರು ಪೌಲುಸ್. ಮುಂದೆ ಪ್ಯಾರಿಸ್ ಗಾರ್ಡ್ ಬ್ಯಾಂಡನ್ನು ಹೆಸರಿಗೆ ತಂದವರೂ ಅವರೇ.

ಒಂದು ಆಕ್ಷೇಪಣೆಯನ್ನು ಬದಿಗೆ ಸರಿಸುವಂತಿಲ್ಲ. ನೌಕೆ ಮರಳಿದ್ದು 1840ರ ಕೊನೆಗೆ, ಹುಡುಗ ಶಾಲೆ ಸೇರಿದ್ದು 1841ರಲ್ಲಿ. ತಾರೀಖುಗಳ ನಡುವೆ ಜಾಗ ಇದ್ದೇ ಇದೆ. ಆದರೆ ಹಾಗೆ ನಂಬಬೇಕಾದರೆ ಒಂದೇ ಹಡಗಿನಲ್ಲಿ ಆತ ಎರಡು ಸಲ ಸೇವೆಗಿದ್ದನೆಂದು ಒಪ್ಪಬೇಕು. ಮೊದಲ ಸಲಕ್ಕೆ ಆಧಾರ, ನಾನು ಓದಿದ ಮಟ್ಟಿಗೆ, ಆ ಕಥೆಯೊಂದೇ. ಆದ್ದರಿಂದ ಆರ್ಬಾನ್ ಹತ್ತಿದ್ದು ಆ ಯಾನದಿಂದಾಗಿ ಆಗಲೇ ಪ್ರಖ್ಯಾತವಾಗಿದ್ದ ನೌಕೆಯನ್ನು ಎಂದೇ ನನ್ನ ತೀರ್ಮಾನ. 1840ರ ಸಿಬ್ಬಂದಿ ಪಟ್ಟಿಯಲ್ಲಿ ಲಿಯಾನಿನ ಆ ಹುಡುಗನ ಹೆಸರನ್ನು ಯಾರಾದರೂ ತೋರಿಸಿದರೆ ಇದನ್ನು ಖುಷಿಯಿಂದಲೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.