ಹೆರಿಗೆ ಭತ್ಯೆಯ ಇತಿಹಾಸ: ಕೊಚ್ಚಿಯ ಹಿನ್ನೀರಿನಿಂದ ಕಾಸರಗೋಡಿನ ಬೀಡಿಮನೆಗಳವರೆಗೆ

ಕೊಚ್ಚಿಯ ಹಿನ್ನೀರಿನ ನಡುವೆ ವಲ್ಲಾರ್ಪಾಡಂ ಎಂಬ ಸಣ್ಣದೊಂದು ದ್ವೀಪವಿದೆ. ಪೋರ್ತುಗೀಸರ ಕಾಲದಲ್ಲಿ ಅಲ್ಲಿ ಕಟ್ಟಿದ ಮರಿಯಮ್ಮನ ಇಗರ್ಜಿ 1676ರ ನೆರೆಯಲ್ಲಿ ನೀರುಪಾಲಾಯಿತೆಂದೂ, ತೇಲಿಹೋಗುತ್ತಿದ್ದ ಮಾತೆಯ ಚಿತ್ರವನ್ನು ಕೊಚ್ಚಿಯ ಅರಸರ ಮಂತ್ರಿಯಾದ ಪಾಲಿಯತ್ತ್ ಅಚ್ಚನ್ ಮೇಲೆತ್ತಿಸಿದನೆಂದೂ ಪ್ರತೀತಿ. 1752ರಲ್ಲಿ ದೋಣಿ ಮಗುಚಿ ಮುಳುಗಿದ ನಾಯರ್ ಮನೆತನದ ತಾಯಿಯೂ ಆಕೆಯ ಕೂಸೂ ಮೂರನೆಯ ದಿನ ಜೀವಸಹಿತ ದೊರೆತರೆಂಬುದು ಆ ಕ್ಷೇತ್ರದ ಪ್ರಸಿದ್ಧ ಐತಿಹ್ಯ. ಅಂದಿನಿಂದ ಇಂದಿನವರೆಗೆ ತಾಯಿ ಮಕ್ಕಳ ಕ್ಷೇಮಕ್ಕಾಗಿ ಹರಕೆ ಹೊತ್ತು ಅಲ್ಲಿಗೆ ಬರುವವರಲ್ಲಿ ಜಾತಿಮತಗಳ ಭೇದವಿಲ್ಲ.

ಹರಕೆಗೆ ಎಲ್ಲೆಯಿಲ್ಲದಿದ್ದರೂ ಕಾನೂನಿಗೆ ಎಲ್ಲೆಯಿತ್ತು. ವಲ್ಲಾರ್ಪಾಡಂ ಕೊಚ್ಚಿ ಸಂಸ್ಥಾನಕ್ಕೆ ಸೇರಿದ್ದರೆ, ಅದೇ ನೀರಿನ ಇನ್ನೊಂದು ದಡದ ಫೋರ್ಟ್ ಕೊಚ್ಚಿ ಮದರಾಸು ಪ್ರಾಂತದ ಮಲಬಾರು ಜಿಲ್ಲೆಗೆ ಸೇರಿತ್ತು. ತಿರುವನಂತಪುರದಲ್ಲಿ ತಿರುವಾಂಕೂರಿನ ಮಹಾರಾಜರ ಆಳ್ವಿಕೆ ನಡೆಯುತ್ತಿತ್ತು. ಮದರಾಸು ಸರಕಾರವು 1934ರಲ್ಲಿ ಹೆರಿಗೆ ಭತ್ಯೆಯ ಶಾಸನವನ್ನು ಮಾಡಿದಾಗ ಅದರ ಅಧಿಕಾರವು ಫೋರ್ಟ್ ಕೊಚ್ಚಿಯಲ್ಲಿ ನಡೆಯಿತೇ ಹೊರತು ಹಡಗದಾರಿಯ ಆಚೆಯ ದ್ವೀಪದಲ್ಲಿ ನಡೆಯಲಿಲ್ಲ. ಕೊಚ್ಚಿ, ತಿರುವಾಂಕೂರುಗಳು ತಮ್ಮ ತಮ್ಮ ಶಾಸನಗಳನ್ನು ಪ್ರತ್ಯೇಕವಾಗಿಯೇ ಮಾಡಿಕೊಳ್ಳಬೇಕಾಯಿತು.

ಕನ್ನಡಿಗರಿಗೆ ಈ ಸ್ಥಿತಿ ಅಪರಿಚಿತವಲ್ಲ. ಧಾರವಾಡ ಬೆಳಗಾವಿಗಳು ಮುಂಬಯಿಗೆ, ಮಂಗಳೂರು ಕಾಸರಗೋಡುಗಳು ಮದರಾಸಿಗೆ, ಕಲಬುರಗಿ ರಾಯಚೂರುಗಳು ನಿಜಾಮರಿಗೆ ಸೇರಿದ್ದುವು. ಮೈಸೂರು ಬೇರೆ, ಕೊಡಗು ಬೇರೆ. ಮುಂಬಯಿಯ ಶಾಸನವು 1929ರದು, ಮದರಾಸಿನದು 1934ರದು, ಮೈಸೂರಿನದು 1937ರದು, ಹೈದರಾಬಾದಿನದು 1942ರದು. ಒಂದೇ ನುಡಿಯ ಹೆಣ್ಣುಮಗಳು ಗೋಕಾಕದ ಗಿರಣಿಯಲ್ಲಿ ದುಡಿದರೆ ಒಂದು ಕಾಲಕ್ಕೆ, ಬೆಂಗಳೂರಿನ ಗಿರಣಿಯಲ್ಲಿ ದುಡಿದರೆ ಇನ್ನೊಂದು ಕಾಲಕ್ಕೆ ಈ ಹಕ್ಕಿಗೆ ಪಾತ್ರಳಾದಳು.

ಹೆರಿಗೆಯ ಮುಂಚೆ ಮತ್ತು ಅನಂತರ ಹೆಣ್ಣಿಗೆ ವಿಶ್ರಾಂತಿ ಬೇಕೆಂಬುದು ಶಾಸನಗಳಿಂದ ಹುಟ್ಟಿದ ತಿಳಿವಳಿಕೆಯಲ್ಲ. ಸೀಮಂತ, ತವರಿಗೆ ಕರೆತರುವುದು, ಬಾಣಂತನದ ಎಣ್ಣೆನೀರು, ಖಾರ, ಪಥ್ಯ ಇವೆಲ್ಲವೂ ಅದೇ ತಿಳಿವಳಿಕೆಯ ರೂಪಗಳು. ಆದರೆ ಅದರ ವೆಚ್ಚವೆಲ್ಲ ತವರಿನದಾಗಿತ್ತು. ತವರೇ ಬಡವಾಗಿದ್ದು, ಮಗಳು ಕೂಲಿಯಿಂದ ಬದುಕುವವಳಾದಾಗ ಆ ವೆಚ್ಚವನ್ನು ಯಾರು ಹೊರಬೇಕೆಂಬ ಪ್ರಶ್ನೆ ಕಾರ್ಖಾನೆಗಳ ಕಾಲದಲ್ಲಿ ಹೊಸದಾಗಿ ಎದ್ದಿತು. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಹೆರಿಗೆಗೆ ಮುಂಚೆ ಆರು ವಾರ, ಅನಂತರ ಆರು ವಾರಗಳ ಬಿಡುವನ್ನು ಒಪ್ಪಂದದಲ್ಲಿ ಸೇರಿಸಿತು. ಭಾರತ ಅದಕ್ಕೆ ಸಮ್ಮತಿಯ ಮುದ್ರೆಯನ್ನು ಒತ್ತಲಿಲ್ಲ. 1924ರಲ್ಲಿ ಎನ್. ಎಂ. ಜೋಶಿಯವರು ಕೇಂದ್ರ ಶಾಸನ ಸಭೆಯ ಮುಂದಿಟ್ಟ ಮಸೂದೆಯೂ ಬಿದ್ದುಹೋಯಿತು. 1928ರಲ್ಲಿ ಮುಂಬಯಿಯ ವಿಧಾನ ಪರಿಷತ್ತಿನಲ್ಲಿ ಇಂಥದೇ ಮಸೂದೆ ಬಂದಾಗ ಡಾ. ಬಿ. ಆರ್. ಅಂಬೇಡ್ಕರ್ ಅವರು ಅದನ್ನು ಬೆಂಬಲಿಸಿ, ತಾಯಿಗೆ ದೊರೆಯುವ ವಿಶ್ರಾಂತಿ ರಾಷ್ಟ್ರದ ಹಿತಕ್ಕೇ ಸಂಬಂಧಿಸಿದುದೆಂದೂ, ಆದಕಾರಣ ವೆಚ್ಚದ ಹೆಚ್ಚಿನ ಪಾಲನ್ನು ಸರಕಾರವೇ ಹೊರುವುದು ನ್ಯಾಯವೆಂದೂ, ಹಾಗಾಗದಿರುವಾಗ ಹೆಣ್ಣಾಳಿನ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನು ತಪ್ಪಿಸಿಕೊಳ್ಳಲಾಗದೆಂದೂ ವಾದಿಸಿದರು. ಮರುವರ್ಷ ಬಂದ ಶಾಸನದಲ್ಲಿ ಭತ್ಯೆ ದಿನಕ್ಕೆ 8 ಆಣೆ. ಹೊರೆ ಮಾಲೀಕನ ಮೇಲೆಯೇ ನಿಂತಿತು.

ಈ ನಿರ್ಣಯದ ಪರಿಣಾಮ ದೂರಗಾಮಿಯಾಯಿತು. ಭತ್ಯೆಯನ್ನು ಮಾಲೀಕನೊಬ್ಬನೇ ಕೊಡಬೇಕಾದಾಗ, ಹೆಣ್ಣಾಳುಗಳನ್ನು ಸೇರಿಸಿಕೊಳ್ಳದಿರುವುದೋ ಅವರ ಹೆಸರನ್ನು ಪಟ್ಟಿಯಿಂದ ದೂರವಿಡುವುದೋ ಅವನಿಗೆ ಲಾಭಕರವಾಗುತ್ತದೆ. 1948ರ ನೌಕರರ ರಾಜ್ಯ ವಿಮಾ ಶಾಸನವು ಈ ದೋಷವನ್ನು ನೀಗಲು ಹೊರಟಿತು: ಮಾಲೀಕರೂ ಕೆಲಸಗಾರರೂ ವಂತಿಗೆ ಕೂಡಿಸಿದ ನಿಧಿಯಿಂದ ಭತ್ಯೆ ಸಲ್ಲುವಂತೆ ಏರ್ಪಾಡಾಯಿತು. ರಾಜ್ಯಗಳ ಪುನರ್ವಿಂಗಡಣೆಯ ಮೇಲೆ ಕೇರಳವು 1957ರಲ್ಲಿ ತನ್ನ ಇಡೀ ನಾಡಿಗೆ ಒಂದೇ ಶಾಸನವನ್ನು ಮಾಡಿಕೊಂಡಿತು. ಫೋರ್ಟ್ ಕೊಚ್ಚಿಗೂ ವಲ್ಲಾರ್ಪಾಡಕ್ಕೂ, ತಿರುವನಂತಪುರಕ್ಕೂ ಕಾಸರಗೋಡಿಗೂ ಮೊತ್ತಮೊದಲಿಗೆ ಒಂದೇ ನಿಯಮ ಬಂದುದು ಆಗಲೇ. ಬಳಿಕ 1961ರ ಕೇಂದ್ರ ಶಾಸನವು ದೇಶಕ್ಕೆಲ್ಲ ಹನ್ನೆರಡು ವಾರಗಳ ಭತ್ಯೆಯನ್ನು ವಿಧಿಸಿತು. ಸರಾಸರಿ ದಿನಗೂಲಿ ಅಥವಾ ದಿನಕ್ಕೆ ಒಂದು ರೂಪಾಯಿ, ಇವುಗಳಲ್ಲಿ ಹೆಚ್ಚಿನದು ಸಲ್ಲಬೇಕು. ಔಷಧೋಪಚಾರಕ್ಕೆ 25 ರೂಪಾಯಿ ಬೇರೆ. ಹೆರಿಗೆಯ ಮುಂಚಿನ ಪಾಲನ್ನು ಮುಂಗಡವಾಗಿ, ಉಳಿದುದನ್ನು ಹೆರಿಗೆಯ ರುಜುವಾತು ಕೊಟ್ಟ 48 ಗಂಟೆಗಳೊಳಗೆ ಕೊಡಬೇಕು. ಆದರೆ ಆಕೆ ಹಿಂದಿನ ಹನ್ನೆರಡು ತಿಂಗಳಲ್ಲಿ 160 ದಿನ ದುಡಿದಿರಬೇಕು. ಆ 160 ದಿನಗಳಿಗೆ ಸಾಕ್ಷಿ ಹಾಜರಿ ಪುಸ್ತಕ.

ಹಾಜರಿ ಪುಸ್ತಕವೇ ಇಲ್ಲದ ಕಡೆ ಏನಾಗುತ್ತದೆಂಬುದನ್ನು ಕಾಸರಗೋಡು, ದಕ್ಷಿಣ ಕನ್ನಡಗಳ ಬೀಡಿಯ ಕೆಲಸವು ತೋರಿಸಿಕೊಟ್ಟಿದೆ. ಅಲ್ಲಿ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲುಗಳನ್ನು ತಂದು, ಮನೆಯ ಜಗಲಿಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟಿ, ಎಣಿಕೆಯ ಮೇಲೆ ಕೂಲಿ ಪಡೆಯುವ ರೂಢಿ. ತಾಯಿ, ಮಗಳು, ಸೊಸೆ ಮೂವರು ಕಟ್ಟಿದರೂ ಲೆಕ್ಕದ ಪುಸ್ತಕದಲ್ಲಿ ಒಂದೇ ಹೆಸರಿರುವುದುಂಟು. ಹೆಸರಿಲ್ಲದ ಸೊಸೆ ಬಸುರಾಗಿ ತವರಿಗೆ ಹೋದರೆ, ಆಕೆ ದುಡಿದಳೆಂಬುದಕ್ಕೆ ಯಾವ ಕಾಗದವೂ ಇರುವುದಿಲ್ಲ.

1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಶಾಸನವು ಈ ಕೊರತೆಯನ್ನು ಗಮನಿಸಿ, ಮನೆಯಲ್ಲಿ ದುಡಿಯುವವಳಿಗೂ ಹೆರಿಗೆ ಭತ್ಯೆಯನ್ನು ವಿಸ್ತರಿಸಿತು. ಇದು ಸಣ್ಣ ಸಾಧನೆಯಲ್ಲ. ಹಾಗಿದ್ದರೂ ಅದರ 37ನೆಯ ವಿಧಿಯನ್ನು ಓದಿದರೆ ವಿಸ್ತಾರದ ಜೊತೆಗೆ ಕಡಿತವೂ ಕಾಣುತ್ತದೆ. ಮನೆಗೆಲಸದ ಬೀಡಿಯವಳಿಗೆ ದಿನಕ್ಕೆ ಒಂದು ರೂಪಾಯಿ ಎಂಬ ಕನಿಷ್ಠ ಮಿತಿ ಅನ್ವಯಿಸದು, ಔಷಧದ ಹಣವಿಲ್ಲ, ಬಸುರಿ ಬಾಣಂತಿತನದ ಕಾಯಿಲೆಗೆ ಹೆಚ್ಚಿನ ರಜೆಯೂ ಇಲ್ಲ. ಕಾರ್ಖಾನೆಯ ಗೋಡೆಯೊಳಗಿನ ತಾಯಿಗೂ ಜಗಲಿಯ ಮೇಲಿನ ತಾಯಿಗೂ ಶಾಸನವೇ ಬೇರೆ ಬೇರೆ ಬೆಲೆ ಕಟ್ಟಿತು.

ಕೇರಳ ಸರಕಾರವು ಈ ಶಾಸನವನ್ನು ಜಾರಿಗೆ ತರಲು ಹೊರಟಾಗ, 1968ರ ಅಕ್ಟೋಬರದಲ್ಲಿ ಮಂಗಳೂರು ಮೂಲದ ದೊಡ್ಡ ಬೀಡಿ ವ್ಯಾಪಾರಿಗಳು ಉತ್ತರ ಕೇರಳದ ತಮ್ಮ ಕೇಂದ್ರಗಳನ್ನು ಮುಚ್ಚಿದರು. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. 1969ರ ಫೆಬ್ರುವರಿಯಲ್ಲಿ ಕಣ್ಣೂರಿನಲ್ಲಿ ಸರಕಾರದ ನೆರವಿನಿಂದ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿದುದು ಈ ಸಂಕಟದಿಂದಲೇ. ಅಲ್ಲಿ ಕೆಲಸ ಮನೆಯಲ್ಲಲ್ಲ, ಸಂಘದ ಚಾವಡಿಯಲ್ಲಿ. ಒಬ್ಬರು ಪತ್ರಿಕೆ ಓದುತ್ತಿದ್ದರೆ ಉಳಿದವರು ಕೇಳುತ್ತ ಬೀಡಿ ಕಟ್ಟುತ್ತಿದ್ದರು. ಕೆಲಸ ಚಾವಡಿಗೆ ಬಂದುದರಿಂದ ಕೆಲಸಗಾರನ ಹೆಸರೂ ಪುಸ್ತಕಕ್ಕೆ ಬಂತು. ಭತ್ಯೆಯ ಹಕ್ಕು ಹೆಸರನ್ನು ಹಿಂಬಾಲಿಸಿತು. ಶಾಸನದ ಸಿಂಧುತ್ವವನ್ನು ಪ್ರಶ್ನಿಸಿದ ಮಂಗಳೂರು ಗಣೇಶ ಬೀಡಿ ವರ್ಕ್ಸ್ ಮೊದಲಾದವರ ದಾವೆಗಳಲ್ಲಿ ಸರ್ವೋಚ್ಚ ನ್ಯಾಯಾಲಯವು 1974ರಲ್ಲಿ ಶಾಸನವನ್ನು ಎತ್ತಿಹಿಡಿಯಿತು.

ಅಲ್ಲಿಂದೀಚಿನ ಬೆಳವಣಿಗೆಯನ್ನು ಸಂಕ್ಷೇಪವಾಗಿ ಹೇಳಬಹುದು. 1977ರಲ್ಲಿ ಕೊಯಮತ್ತೂರು ಪ್ರಾಂತದ ತೋಟವೊಂದರ ಕೆಲಸಗಾರ್ತಿಯ ಮೊಕದ್ದಮೆಯಲ್ಲಿ, ಹನ್ನೆರಡು ವಾರಗಳ ಲೆಕ್ಕಕ್ಕೆ ಭಾನುವಾರಗಳೂ ಸೇರತಕ್ಕವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. 1988ರಲ್ಲಿ 160 ದಿನಗಳ ಷರತ್ತು 80ಕ್ಕೆ ಇಳಿಯಿತು. 2000ದಲ್ಲಿ ದಿಲ್ಲಿ ನಗರಪಾಲಿಕೆಯ ದಿನಗೂಲಿ ಹೆಂಗಸರಿಗೂ ಭತ್ಯೆ ಸಲ್ಲಬೇಕೆಂದು ತೀರ್ಪಾಯಿತು. 2017ರಲ್ಲಿ ಮೊದಲ ಎರಡು ಮಕ್ಕಳ ಹೆರಿಗೆಗೆ ರಜೆ 26 ವಾರಗಳಿಗೆ ಏರಿತು. 1961ರ ಶಾಸನವು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಲೀನವಾಗಿ, ಆ ಸಂಹಿತೆ 2025ರ ನವೆಂಬರ 21ರಂದು ಜಾರಿಗೆ ಬಂತು.

ಇವೆಲ್ಲಕ್ಕಿಂತ ಭಿನ್ನವಾದ ಹೆಜ್ಜೆ 2013ರ ಆಹಾರ ಭದ್ರತಾ ಶಾಸನದ್ದು. ಬಸುರಿ ಬಾಣಂತಿಯರಿಗೆ 6,000 ರೂಪಾಯಿಗೆ ಕಡಮೆಯಿಲ್ಲದ ನೆರವನ್ನು ಅದು ಹಕ್ಕೆಂದು ಸಾರಿತು. ಕೂಲಿಯ ಪುಸ್ತಕವನ್ನು ಕೇಳಲಿಲ್ಲ. ಅಂಬೇಡ್ಕರ್ ಅವರು 1928ರಲ್ಲಿ ಸರಕಾರದ ಮೇಲೆ ಹೊರಿಸಬಯಸಿದ ಹೊರೆಯನ್ನು ಸರಕಾರ ಶಾಸನದ ಮಾತಿನಲ್ಲಿ ಒಪ್ಪಿಕೊಳ್ಳುವುದಕ್ಕೆ 85 ವರ್ಷಗಳು ಹಿಡಿದುವು. ಆದರೂ 2017ರ ಮಾತೃವಂದನಾ ಯೋಜನೆಯು ಆರಂಭದಲ್ಲಿ ಮೊದಲ ಮಗುವಿಗೆ ಮಾತ್ರ, ಅದೂ 5,000 ರೂಪಾಯಿಗಳನ್ನು ಗೊತ್ತುಮಾಡಿತು.

ತವರಿನ ಹೊರೆ ಮಾಲೀಕನಿಗೆ, ಮಾಲೀಕನಿಂದ ವಿಮಾನಿಧಿಗೆ, ಕಡೆಗೆ ರಾಜ್ಯಕ್ಕೆ ಸಾಗಿಬಂದುದೇ ಈ ಇತಿಹಾಸದ ದಾರಿ. ಪ್ರತಿಯೊಂದು ಹಂತದಲ್ಲಿಯೂ ಯಾವುದೋ ಒಂದು ಪಟ್ಟಿಯ ಹೊರಗೆ ಉಳಿದ ತಾಯಂದಿರಿದ್ದರು. ವಲ್ಲಾರ್ಪಾಡದಲ್ಲಿ ಈಗ, 2011ರಿಂದ, ದೊಡ್ಡ ಹಡಗುಗಳ ಸರಕುಪೆಟ್ಟಿಗೆಗಳ ನಿಲ್ದಾಣವಿದೆ. ಅಲ್ಲಿ ಇಳಿದೇರುವ ಪ್ರತಿಯೊಂದು ಪೆಟ್ಟಿಗೆಗೂ ಸಂಖ್ಯೆಯಿದೆ, ಲೆಕ್ಕವಿದೆ. ಜಗಲಿಯ ಮೇಲೆ ಬೀಡಿ ಕಟ್ಟುವ ಬಸುರಿಯ ದುಡಿಮೆಗೂ ಅಷ್ಟು ನಿಶ್ಚಿತವಾದ ಲೆಕ್ಕ ಇರಬೇಕೆಂಬುದು ಅತಿಯಾದ ಬೇಡಿಕೆಯಲ್ಲ.