ಅಮ್ಮಿಯ ನಿಧಾನದ ದಾರಿ

ನನ್ನ ತಂಗಿಯ ಮಗಳು ಅಮೆರಿಕದಲ್ಲಿದ್ದಾಳೆ. ಒಲೆ, ಹಾಸಿಗೆ ಎಲ್ಲವೂ ಇರುವ ದೊಡ್ಡ ಗಾಡಿಯಲ್ಲಿ ಅರಿಜೋನಾದ ಮರುಭೂಮಿ ಹಾದು, ಮನಸ್ಸು ಬಂದಲ್ಲಿ ನಿಂತು, ವಾರಗಟ್ಟಲೆ ಕಳೆದು ಮನೆ ಸೇರಿದರಂತೆ. ಫೋನಿನಲ್ಲಿ ಇದನ್ನು ಕೇಳಿದ ಅಮ್ಮಿ, "ನಮ್ಮ ಅಬ್ಬಾನ ಕಮಾನುಗಾಡಿಯೂ ಹಾಗೇ ಇತ್ತು" ಎಂದರು.

ಕಣ್ಣಿನ ಆಪರೇಷನ್ ಮುಗಿಸಿ ಬೆಂಗಳೂರಿನಿಂದ ಅಲೀಪುರಕ್ಕೆ ಹೊರಟಾಗ ಅವರಿಗೆ 80 ತುಂಬಿತ್ತು. "ಈ ಸಲ ನಿಧಾನ ಹೋಗೋಣ ಬೇಟಿ" ಎಂದು ಹಟ ಹಿಡಿದರು. ಅಣ್ಣನ ವ್ಯಾನಿನಲ್ಲಿ ಹಾಸಿಗೆ ಹಾಸಿ, ಸಣ್ಣ ಗ್ಯಾಸ್ ಒಲೆ, ಬಿರಿಯಾನಿ ಪಾತ್ರೆ ಇಟ್ಟುಕೊಂಡೆವು. ಎರಡು ಗಂಟೆಯ ದಾರಿಗೆ ಎರಡು ದಿನ! ನನಗೆ ಒಳಗೊಳಗೇ ಸಿಡುಕು.

ದೊಡ್ಡಬಳ್ಳಾಪುರ ದಾಟಿ ಮಾಕಳಿದುರ್ಗದ ಬೆಟ್ಟದಡಿ ಊಟ. ಮೇಲೆ ಕೋಟೆ, ಕೆಳಗೆ ರೈಲು. ಅಮ್ಮಿ ಮದುವೆಯಾಗಿ ಬಂದಾಗ ಇಲ್ಲಿ ಓಡುತ್ತಿದ್ದದ್ದು ಮೀಟರ್ ಗೇಜ್ ಗಾಡಿ. ಗೌರಿಬಿದನೂರಿನಲ್ಲಿ ಉತ್ತರ ಪಿನಾಕಿನಿಯ ಸೇತುವೆ ಮೇಲೆ ವ್ಯಾನು ನಿಲ್ಲಿಸಿಸಿದರು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಹೊಳೆ. ಕೆಳಗೆ ಬರೀ ಮರಳು, ಜಾಲಿ. "ಇಲ್ಲಿ ಅಬ್ಬಾ ಎತ್ತು ಬಿಚ್ಚುತ್ತಿದ್ದರು. ಮರಳಲ್ಲಿ ಮೊಳದುದ್ದ ತೋಡಿದರೆ ನೀರು" ಎಂದರು. ಈಗ ನೂರಾರು ಅಡಿ ಕೊರೆದರೂ ಸಿಕ್ಕುವ ನೀರಲ್ಲಿ ಫ್ಲೋರೈಡ್.

ರಾತ್ರಿ ಅಲ್ಲೇ ನೆಂಟರ ಮನೆಯಲ್ಲಿದ್ದೆವು. ಬೆಳಿಗ್ಗೆ ಅಲೀಪುರದ ಕಡೆ ತಿರುಗದೆ, ವಿದುರಾಶ್ವತ್ಥಕ್ಕೆ ಹೋಗಬೇಕೆಂದರು. ನಾಗರಕಲ್ಲುಗಳ ನಡುವೆ, ಹುತಾತ್ಮರ ಸ್ಮಾರಕದ ಮುಂದೆ ನಿಂತು, "ಗೋಲಿಬಾರಿನ ದಿನ ನಿನ್ನ ನಾನಾ ಇಲ್ಲೇ ಇದ್ದರು" ಎಂದರು.

ನಾನು ಬೆಚ್ಚಿದೆ. 1938ರ ಏಪ್ರಿಲ್ 25. ನಿಷೇಧ ಮೀರಿ ಬಾವುಟ ಹಾರಿಸಲು ಜಾತ್ರೆಯಲ್ಲಿ ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. 32 ಮಂದಿ ಸತ್ತರೆಂದು ಜನ ಹೇಳುತ್ತಾರೆ; ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಮುಂದಿನ ತಿಂಗಳೇ ಪಟೇಲರು ದಿವಾನ್ ಮಿರ್ಜಾ ಇಸ್ಮಾಯಿಲರೊಂದಿಗೆ ಒಪ್ಪಂದ ಮಾಡಿಕೊಂಡರು. ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂದಾಯಿತು. ಇಷ್ಟನ್ನೂ ಸುಮಾರು 30 ವರ್ಷ ಪಾಠ ಮಾಡಿದ್ದೇನೆ. ಆದರೆ ನಾನಾ ಆ ಜಾತ್ರೆಯಲ್ಲಿ ಮಣಿಸರ, ಉಂಗುರ ಮಾರುತ್ತಿದ್ದರೆಂದು, ಸರಕನ್ನೆಲ್ಲ ನೆಲಕ್ಕೆ ಸುರಿದು, ಗಾಯಗೊಂಡ ಇಬ್ಬರನ್ನು ಅದೇ ಕಮಾನುಗಾಡಿಯಲ್ಲಿ ಮಲಗಿಸಿಕೊಂಡು ಗೌರಿಬಿದನೂರಿಗೆ ಹೊಡೆದರೆಂದು ತಿಳಿದಿರಲಿಲ್ಲ.

"ಯಾಕೆ ಹೇಳಲಿಲ್ಲ ಅಮ್ಮಿ?"

"ನೀನು ಯಾವಾಗ ನಿಂತೆ, ಹೇಳೋದಕ್ಕೆ?"

ಉತ್ತರ ಹೊಳೆಯಲಿಲ್ಲ. ಮೊಹರಂ ಬಂತೆಂದರೆ ಹರಳಿನ ವ್ಯಾಪಾರಕ್ಕೆ ದೇಶವೆಲ್ಲ ಚೆದುರಿದ ನಮ್ಮವರು ಅಲೀಪುರಕ್ಕೆ ಓಡೋಡಿ ಬರುತ್ತಾರೆ. ನಾನೂ ಹಾಗೇ ಓಡಿ ಬಂದು, ಓಡಿ ಹೋದವಳು. ಆ ಸಂಜೆ ಊರು ಸೇರಿದಾಗ ಅಮ್ಮಿಗೆ ದಣಿವೇ ಇರಲಿಲ್ಲ, ದಣಿದವಳು ನಾನು.

ಜೂನಿನಲ್ಲಿ ಶಾಲೆ ತೆರೆಯಿತು. ಆ ಪಾಠ ಬಂದಾಗ ಪುಸ್ತಕ ಮುಚ್ಚಿಸಿ, "ಮನೆಯಲ್ಲಿ ಅಜ್ಜಿ, ನಾನಿ ಇದ್ದರೆ ಕೇಳಿ ಬನ್ನಿ" ಎಂದೆ. ಮಾರನೆಯ ದಿನ ಮೂವರು ಮಕ್ಕಳು ಬರೆದುಕೊಂಡು ಬಂದಿದ್ದರು. ಅದರಲ್ಲಿ ಒಂದೂ ಪುಸ್ತಕದಲ್ಲಿರಲಿಲ್ಲ.