ಬಿ.ಆರ್ಕ್ ಸೀಟು ಹಿಡಿಯುವ ಮುನ್ನ: ಮಾನ್ಯತೆ ಯಾವುದು, ಅಲಂಕಾರ ಯಾವುದು?

ನಮ್ಮ ದೇಶದಲ್ಲಿ ಎಂಜಿನಿಯರಿಂಗ್ ಮುಗಿಸಿದವರು ತಮ್ಮನ್ನು ಎಂಜಿನಿಯರ್ ಎಂದು ಕರೆದುಕೊಳ್ಳಲು ಯಾವ ರಾಷ್ಟ್ರೀಯ ಪಟ್ಟಿಯಲ್ಲೂ ಹೆಸರು ಬರೆಸಬೇಕಿಲ್ಲ. ಆರ್ಕಿಟೆಕ್ಟ್‌ಗಳಿಗೆ ಆ ಸಲೀಸಿಲ್ಲ. ಐದು ವರ್ಷ ಓದಿ ಪದವಿ ಪಡೆದರೂ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ, ಅಂದರೆ ವಾಸ್ತುಶಿಲ್ಪ ಪರಿಷತ್ತಿನಲ್ಲಿ, ನೋಂದಣಿಯಾಗುವ ತನಕ ವಿಸಿಟಿಂಗ್ ಕಾರ್ಡಿನಲ್ಲಿ ‘ಆರ್ಕಿಟೆಕ್ಟ್’ ಎಂದು ಅಚ್ಚು ಹಾಕಿಸುವಂತಿಲ್ಲ.

ಹಾಗಾಗಿ ಬಿ.ಆರ್ಕ್ ಕಾಲೇಜು ಹುಡುಕುವವರ ಮುಂದೆ ಎರಡು ಪ್ರಶ್ನೆಗಳಿವೆ. ಈ ಪದವಿ ನೋಂದಣಿಗೆ ನಡೆಯುತ್ತದೆಯೇ? ಇಲ್ಲಿ ಪಾಠ ಚೆನ್ನಾಗಿದೆಯೇ? ಮೊದಲನೆಯದಕ್ಕೆ ದಾಖಲೆಯಲ್ಲೇ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಕಾಲೇಜಿನ ಮೆಟ್ಟಿಲು ಹತ್ತಲೇಬೇಕು. ಜಾಹೀರಾತುಗಳು ಇವೆರಡನ್ನೂ ಕಲಸುಮೇಲೋಗರ ಮಾಡಿ ಬಡಿಸುತ್ತವೆ.

## ಕಾನೂನು ಏನು ಹೇಳುತ್ತದೆ

1972ರ ವಾಸ್ತುಶಿಲ್ಪಿಗಳ ಕಾಯ್ದೆಯಡಿ ಈ ಪರಿಷತ್ತು ಹುಟ್ಟಿತು. ಯಾವ ಪದವಿಗಳು ನೋಂದಣಿಗೆ ಅರ್ಹ ಎಂಬುದನ್ನು ಕಾಯ್ದೆಯ ಅನುಸೂಚಿ ಪಟ್ಟಿ ಮಾಡುತ್ತದೆ. ಕಾಲೇಜುಗಳ ಕಟ್ಟಡ, ಬೋಧಕರು, ಪಠ್ಯದ ಅವಧಿ ಹೇಗಿರಬೇಕೆಂದು ಹೇಳುವ ಕನಿಷ್ಠ ಮಾನದಂಡಗಳನ್ನು ಪರಿಷತ್ತು 1983ರಲ್ಲಿ ರೂಪಿಸಿ, 2020ರಲ್ಲಿ ಪರಿಷ್ಕರಿಸಿತು. ಕೋರ್ಸು ಹತ್ತು ಸೆಮಿಸ್ಟರ್‌ಗಳದ್ದು. ಅದರಲ್ಲಿ ಒಂದು ಸೆಮಿಸ್ಟರನ್ನು ಆರ್ಕಿಟೆಕ್ಟ್ ಒಬ್ಬರ ಕಚೇರಿಯಲ್ಲಿ ತರಬೇತಿಗೆಂದು ಕಳೆಯಬೇಕು.

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ಈ ಚಿತ್ರವನ್ನು ಸ್ಪಷ್ಟಗೊಳಿಸಿವೆ. ತಾಂತ್ರಿಕ ಶಿಕ್ಷಣದ ಮೇಲ್ವಿಚಾರಣೆ ನೋಡುವ ಎಐಸಿಟಿಇ ಮತ್ತು ಪರಿಷತ್ತಿನ ನಡುವೆ ಯಾರ ಮಾತು ನಡೆಯಬೇಕೆಂಬ ಹಗ್ಗಜಗ್ಗಾಟ ಬಹುಕಾಲ ನಡೆದಿತ್ತು. ಕೊಲ್ಹಾಪುರದ ಕಾಲೇಜೊಂದರ ಪ್ರಕರಣದಲ್ಲಿ, 2019ರ ನವೆಂಬರ್‌ನಲ್ಲಿ, ವಾಸ್ತುಶಿಲ್ಪ ಶಿಕ್ಷಣದ ಮಟ್ಟಿಗೆ ಪರಿಷತ್ತಿನ ನಿಯಮಗಳೇ ಮೇಲು ಎಂದು ನ್ಯಾಯಾಲಯ ತೀರ್ಮಾನಿಸಿತು.

ಎರಡನೆಯದು ನೋಯ್ಡಾ ಪ್ರಾಧಿಕಾರದ ಬಡ್ತಿ ನಿಯಮಗಳಿಂದ ಎದ್ದ ಪ್ರಕರಣ. 2020ರ ಮಾರ್ಚ್‌ನಲ್ಲಿ ಬಂದ ಈ ತೀರ್ಪಿನ ಪ್ರಕಾರ, ಕಾಯ್ದೆಯ 37ನೇ ಕಲಮು ಕಟ್ಟಡ ವಿನ್ಯಾಸದ ಕೆಲಸವನ್ನೇ ಇತರರಿಗೆ ನಿಷೇಧಿಸುವುದಿಲ್ಲ; ಆದರೆ ನೋಂದಣಿ ಇಲ್ಲದವರು ‘ಆರ್ಕಿಟೆಕ್ಟ್’ ಎಂಬ ಹೆಸರನ್ನು ಬಳಸುವಂತಿಲ್ಲ. ‘ಅಸೋಸಿಯೇಟ್ ಆರ್ಕಿಟೆಕ್ಟ್’ ಎಂಬ ಹುದ್ದೆಯ ಹೆಸರಿಗೂ ಇದೇ ನಿಯಮ ಅನ್ವಯಿಸಿತು. ಮನೆಯ ನಕ್ಷೆ ಬರೆದುಕೊಡುವವರೆಲ್ಲ ಆರ್ಕಿಟೆಕ್ಟ್‌ಗಳಲ್ಲ ಎಂಬ ಮಾತಿಗೆ ಕಾನೂನಿನ ಆಧಾರ ಇದು.

## ನಾಲ್ಕು ಮುದ್ರೆಗಳು, ನಾಲ್ಕು ಅರ್ಥಗಳು

ಕಾಲೇಜಿನ ಬ್ಯಾನರಿನಲ್ಲಿ ‘ಮಾನ್ಯತೆ ಪಡೆದಿದೆ’ ಎಂದಿದ್ದರೆ, ಯಾರಿಂದ, ಯಾವುದಕ್ಕೆ ಎಂದು ಕೇಳಬೇಕು.

ಯುಜಿಸಿ: 1956ರ ಕಾಯ್ದೆಯಂತೆ ಪದವಿ ಕೊಡುವ ಅಧಿಕಾರ ಯಾರಿಗಿದೆ ಎಂಬುದು ಇದರಡಿ ತೀರ್ಮಾನವಾಗುತ್ತದೆ. ಯುಜಿಸಿ ಮಾನ್ಯತೆ ಇದೆ ಎಂದರೆ ವಿಶ್ವವಿದ್ಯಾಲಯ ನಕಲಿಯಲ್ಲ ಎಂದರ್ಥ. ಅಲ್ಲಿನ ಬಿ.ಆರ್ಕ್ ನೋಂದಣಿಗೆ ಅರ್ಹ ಎಂದು ಅರ್ಥವಲ್ಲ.

ನ್ಯಾಕ್: 1994ರಲ್ಲಿ ಸ್ಥಾಪನೆಯಾದ ಈ ಮಂಡಳಿಯ ಕೇಂದ್ರ ಕಚೇರಿ ಬೆಂಗಳೂರಿನ ನಾಗರಬಾವಿಯಲ್ಲಿದೆ. ಅದು ತೂಗುವುದು ಇಡೀ ಸಂಸ್ಥೆಯನ್ನು. ಹತ್ತಾರು ವಿಭಾಗಗಳ ವಿಶ್ವವಿದ್ಯಾಲಯಕ್ಕೆ ‘ಎ++’ ಬಂದಿದ್ದರೆ ಅದರಲ್ಲಿ ವಾಸ್ತುಶಿಲ್ಪ ವಿಭಾಗದ ಪಾಲು ಎಷ್ಟೆಂದು ಆ ಶ್ರೇಣಿ ಹೇಳುವುದಿಲ್ಲ.

ಎನ್‌ಬಿಎ: ಸಂಸ್ಥೆಗಲ್ಲ, ಒಂದೊಂದು ಕೋರ್ಸಿಗೆ ಕೊಡುವ ಗುಣಮಟ್ಟದ ಮುದ್ರೆ. ಭಾರತ 2014ರಲ್ಲಿ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾದದ್ದು ಎನ್‌ಬಿಎ ಮೂಲಕವೇ. ಆದರೆ ಅದು ಎಂಜಿನಿಯರಿಂಗ್ ಪದವಿಗಳ ಒಪ್ಪಂದ. ಅದನ್ನು ತೋರಿಸಿ ‘ನಮ್ಮ ಬಿ.ಆರ್ಕ್ ವಿದೇಶದಲ್ಲೂ ಚಲಾವಣೆ’ ಎಂದರೆ ನಂಬಬೇಡಿ.

ಎನ್‌ಐಆರ್‌ಎಫ್: ಇದು ರ‍್ಯಾಂಕಿಂಗ್, ಮಾನ್ಯತೆಯಲ್ಲ. ಸಂಸ್ಥೆಗಳೇ ಅರ್ಜಿ ಹಾಕಿ ಒದಗಿಸುವ ಮಾಹಿತಿ ಇದರ ಮುಖ್ಯ ಆಧಾರ. ಬೋಧನೆಯ ಜತೆಗೆ ಸಂಶೋಧನೆ, ಜನಾಭಿಪ್ರಾಯಗಳಿಗೂ ಅಂಕವಿದೆ. ಪ್ರಬಂಧ ಪ್ರಕಟಣೆಯಲ್ಲಿ ಮುಂದಿರುವ ವಿಭಾಗ ವಿನ್ಯಾಸ ಕಲಿಸುವುದರಲ್ಲೂ ಮುಂದಿರಬೇಕೆಂದೇನಿಲ್ಲ.

ಈ ನಾಲ್ಕರಲ್ಲಿ ಯಾವುದೂ ಪರಿಷತ್ತಿನ ಅನುಮೋದನೆಗೆ ಬದಲಿಯಲ್ಲ.

## ಅನುಮೋದನೆಯನ್ನು ಪರೀಕ್ಷಿಸುವ ಬಗೆ

ಅನುಮೋದಿತ ಕಾಲೇಜುಗಳ ಪಟ್ಟಿ ಪರಿಷತ್ತಿನ ಜಾಲತಾಣದಲ್ಲಿದೆ. ಅಲ್ಲಿ ನೋಡಬೇಕಾದದ್ದು ಕಾಲೇಜಿನ ಹೆಸರೊಂದನ್ನೇ ಅಲ್ಲ. ಅನುಮೋದನೆ ಯಾವ ಶೈಕ್ಷಣಿಕ ವರ್ಷದವರೆಗೆ ಇದೆ, ಎಷ್ಟು ಸೀಟುಗಳಿಗೆ ಇದೆ ಎಂಬುದೂ ಮುಖ್ಯ. 40 ಸೀಟುಗಳಿಗೆ ಒಪ್ಪಿಗೆ ಪಡೆದು 60 ಮಂದಿಯನ್ನು ಸೇರಿಸಿಕೊಂಡ ಕಡೆ, ಹೆಚ್ಚುವರಿ ಇಪ್ಪತ್ತು ಮಂದಿಯ ನೋಂದಣಿಗೆ ತೊಡಕು ಬರುತ್ತದೆ. ಕಾಲೇಜಿನವರು ‘ಅರ್ಜಿ ಹಾಕಿದ್ದೇವೆ, ಬಂದೇ ಬರುತ್ತೆ’ ಎನ್ನುತ್ತಿದ್ದರೆ, ಅನುಮೋದನೆ ಬಂದ ಮೇಲೆಯೇ ಶುಲ್ಕ ಕಟ್ಟುವುದು ಜಾಣತನ.

ಕೋರ್ಸಿನ ಹೆಸರನ್ನೂ ಅಕ್ಷರಕ್ಕೆ ಅಕ್ಷರ ಓದಿ. ಇಂಟೀರಿಯರ್ ಡಿಸೈನ್, ಬಿ.ಡಿಸೈನ್, ಬಿ.ಪ್ಲಾನಿಂಗ್ ಇವೆಲ್ಲ ಒಳ್ಳೆಯ ಓದುಗಳೇ, ಆದರೆ ಇವುಗಳಿಂದ ಆರ್ಕಿಟೆಕ್ಟ್ ಆಗಿ ನೋಂದಣಿಯಾಗುವುದಿಲ್ಲ. ಸಿವಿಲ್ ಎಂಜಿನಿಯರಿಂಗ್‌ನಿಂದಲೂ ಆಗುವುದಿಲ್ಲ.

## ಪ್ರವೇಶದ ದಾರಿಗಳು

ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಎರಡೂ ಇರಲೇಬೇಕು. ಜತೆಗೆ ಬೇಕಾದ ಮೂರನೇ ವಿಷಯಕ್ಕೆ ರಸಾಯನಶಾಸ್ತ್ರವಲ್ಲದೆ ಬೇರೆ ಆಯ್ಕೆಗಳೂ ಇವೆ. ಗಣಿತ ಓದಿದ ಡಿಪ್ಲೊಮಾದವರಿಗೂ ಅವಕಾಶವಿದೆ. ಕನಿಷ್ಠ ಅಂಕಗಳ ನಿಯಮ ಆಗಾಗ ಬದಲಾಗುವುದರಿಂದ ಆಯಾ ವರ್ಷದ ಕೈಪಿಡಿಯನ್ನೇ ನೋಡಬೇಕು.

ಅಭಿರುಚಿ ಪರೀಕ್ಷೆಯಾದ ‘ನಾಟಾ’ವನ್ನು ಪರಿಷತ್ತು 2006ರಿಂದ ನಡೆಸುತ್ತಿದೆ. ರಾಜ್ಯದಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಇದರ ಅಂಕಗಳನ್ನೂ ದ್ವಿತೀಯ ಪಿಯುಸಿ ಅಂಕಗಳನ್ನೂ ಸೇರಿಸಿ ರ‍್ಯಾಂಕ್ ಕೊಡುತ್ತದೆ. ಎನ್‌ಐಟಿಗಳಿಗೆ, ದೆಹಲಿ, ಭೋಪಾಲ್, ವಿಜಯವಾಡದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ಗಳಿಗೆ (ಎಸ್‌ಪಿಎ) ಜೆಇಇ ಮೇನ್‌ನ ಚಿತ್ರಕಲೆ ಒಳಗೊಂಡ ಎರಡನೇ ಪತ್ರಿಕೆ ಬರೆಯಬೇಕು. ಖರಗ್‌ಪುರ, ರೂರ್ಕಿ ಐಐಟಿಗಳಿಗೆ ಜೆಇಇ ಅಡ್ವಾನ್ಸ್ಡ್ ಆದ ಮೇಲೆ ಪ್ರತ್ಯೇಕ ಅಭಿರುಚಿ ಪರೀಕ್ಷೆಯಿದೆ. ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೂ ಅಭಿರುಚಿ ಪರೀಕ್ಷೆಯ ಅರ್ಹತೆ ಬೇಕೇ ಬೇಕು. ‘ಸೇರಿಕೊಳ್ಳಿ, ಆಮೇಲೆ ನೋಡೋಣ’ ಎಂಬ ಮಾತಿಗೆ ಮರುಳಾದವರು ಐದು ವರ್ಷದ ನಂತರ ನೋಂದಣಿಯ ಕಿಟಕಿಯಲ್ಲಿ ಸಿಕ್ಕಿಬೀಳುತ್ತಾರೆ.

## ಸ್ಟುಡಿಯೋದಲ್ಲಿ ಕಾಣುವ ಸತ್ಯ

ಅನುಮೋದಿತ ಕಾಲೇಜುಗಳಷ್ಟೇ ಪಟ್ಟಿಯಲ್ಲಿ ಉಳಿದ ಮೇಲೆ ನಿಜವಾದ ಆಯ್ಕೆ ಶುರುವಾಗುತ್ತದೆ. ಕರ್ನಾಟಕದಲ್ಲಿ ಬೆಳಗಾವಿಯ ವಿಟಿಯುಗೆ ಸೇರಿದ ಕಾಲೇಜುಗಳು ಹೆಚ್ಚು. ಸ್ವಾಯತ್ತತೆ ಪಡೆದವನ್ನು ಬಿಟ್ಟರೆ ಉಳಿದವುಗಳಲ್ಲಿ ಪಠ್ಯಕ್ರಮವೂ ಒಂದೇ, ಪ್ರಮಾಣಪತ್ರವೂ ಒಂದೇ. ಮಣಿಪಾಲದಂಥ ಡೀಮ್ಡ್ ವಿಶ್ವವಿದ್ಯಾಲಯಗಳು ತಮ್ಮ ಪಠ್ಯವನ್ನು ತಾವೇ ರೂಪಿಸಿಕೊಳ್ಳುತ್ತವೆ. ಒಂದೇ ಪಠ್ಯವಿರುವ ಎರಡು ಕಾಲೇಜುಗಳ ನಡುವಿನ ಅಂತರ ಗೊತ್ತಾಗುವುದು ಡಿಸೈನ್ ಸ್ಟುಡಿಯೋದಲ್ಲಿ.

ಸಾಧ್ಯವಾದರೆ ಜ್ಯೂರಿ ನಡೆಯುವ ದಿನ ಹೋಗಿ. ವಿದ್ಯಾರ್ಥಿಗಳು ಶೀಟುಗಳನ್ನು ಗೋಡೆಗೆ ಸಿಕ್ಕಿಸಿ, ಮೌಂಟ್‌ಬೋರ್ಡ್ ಮಾಡೆಲ್ ಮುಂದಿಟ್ಟು, ಹೊರಗಿನಿಂದ ಬಂದ ಆರ್ಕಿಟೆಕ್ಟ್‌ಗಳೆದುರು ತಮ್ಮ ವಿನ್ಯಾಸವನ್ನು ಸಮರ್ಥಿಸಿಕೊಳ್ಳುತ್ತಿರುತ್ತಾರೆ. ‘ಮಲೆನಾಡಿನ ಮಳೆಯಲ್ಲಿ ಈ ಚಾವಣಿಯ ನೀರು ಎಲ್ಲಿಗೆ ಹೋಗುತ್ತೆ?’, ‘ಈ ಮೆಟ್ಟಿಲಿಗೆ ಬೆಳಕು ಎಲ್ಲಿಂದ?’ ಎಂಬಂಥ ಪ್ರಶ್ನೆಗಳು ಬರುತ್ತಿವೆಯೇ, ಅಥವಾ ಶೀಟಿನ ಬಣ್ಣ ನೋಡಿ ಅಂಕ ಬೀಳುತ್ತಿದೆಯೇ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಜ್ಯೂರಿ ಸಿಗದಿದ್ದರೆ ನಾಲ್ಕನೇ ವರ್ಷದವರ ವರ್ಕಿಂಗ್ ಡ್ರಾಯಿಂಗ್ ತೋರಿಸಿ ಎಂದು ಕೇಳಿ. ಮುಂಭಾಗದ ಬಣ್ಣದ ಚಿತ್ರ ಸಾಫ್ಟ್‌ವೇರ್ ಕೈಚಳಕವಾಗಿರಬಹುದು. ಶೌಚಾಲಯದ ಅಡ್ಡಕೊಯ್ತದಲ್ಲಿ ಕೊಳವೆ, ಇಳಿಜಾರು, ವಾಟರ್‌ಪ್ರೂಫಿಂಗ್ ಪದರ ಸರಿಯಾಗಿ ಬಂದಿದ್ದರೆ ಅಲ್ಲಿ ಯಾರೋ ಕೂತು ಕಲಿಸಿದ್ದಾರೆ ಎಂದು ತಿಳಿಯಬಹುದು. ಹಳೆಯ ಗುಡಿ, ವಾಡೆಗಳನ್ನು ಟೇಪ್ ಹಿಡಿದು ಅಳೆದು ದಾಖಲಿಸುವ ಮೆಷರ್ಡ್ ಡ್ರಾಯಿಂಗ್‌ಗೆ ಎಲ್ಲೆಲ್ಲಿ ಹೋಗಿದ್ದರು, ಸೀನಿಯರ್‌ಗಳು ಯಾವ ಕಚೇರಿಗಳಲ್ಲಿ ತರಬೇತಿ ಪಡೆದರು, ಬೋಧಕರಲ್ಲಿ ಎಷ್ಟು ಜನ ಕಾಯಂ, ಎಷ್ಟು ಜನ ಈಗಲೂ ಕಟ್ಟಡ ಕಟ್ಟಿಸುತ್ತಿದ್ದಾರೆ ಎಂಬುದನ್ನು ಪ್ರಾಂಶುಪಾಲರಿಗಿಂತ ವಿದ್ಯಾರ್ಥಿಗಳನ್ನು ಕೇಳುವುದೇ ಮೇಲು. ಮಾಡೆಲ್, ಪ್ರಿಂಟ್, ಲ್ಯಾಪ್‌ಟಾಪ್, ಪ್ರವಾಸದ ಖರ್ಚನ್ನೂ ಅವರೇ ಸರಿಯಾಗಿ ಹೇಳುತ್ತಾರೆ. ಅದು ಶುಲ್ಕದ ಪಟ್ಟಿಯಲ್ಲಿ ಇರುವುದಿಲ್ಲ.

## ವಿದೇಶಕ್ಕೆ ಹೋಗುವವರಿಗೆ

ಬೆಂಗಳೂರು, ಮೈಸೂರುಗಳಿಂದ ಸ್ನಾತಕೋತ್ತರ ಓದಿಗೆ ಅಮೆರಿಕಕ್ಕೆ ಹೊರಡುವವರು ಎಡವುವುದು ಇಲ್ಲೇ. ಅಲ್ಲಿ ವೃತ್ತಿಪದವಿಗಳಿಗೆ ಮಾನ್ಯತೆ ಕೊಡುವುದು ಎನ್‌ಎಎಬಿ. ಅದು ಮಾನ್ಯ ಮಾಡುವುದು ಬಿ.ಆರ್ಕ್, ಎಂ.ಆರ್ಕ್, ಡಿ.ಆರ್ಕ್ ಪದವಿಗಳನ್ನು, ನಾಲ್ಕು ವರ್ಷದ ಬಿ.ಎಸ್. ಪದವಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಈಗಾಗಲೇ ಬಿ.ಆರ್ಕ್ ಇದ್ದವರಿಗೆಂದು ಇರುವ ಚಿಕ್ಕ ಅವಧಿಯ ಸ್ನಾತಕೋತ್ತರ ಕೋರ್ಸುಗಳು, ಎಂ.ಆರ್ಕ್ ಎಂಬ ಹೆಸರಿದ್ದರೂ, ಸಾಮಾನ್ಯವಾಗಿ ಈ ಮಾನ್ಯತೆಯ ಹೊರಗಿರುತ್ತವೆ. ಬಹುತೇಕ ರಾಜ್ಯಗಳಲ್ಲಿ ಲೈಸೆನ್ಸ್‌ಗೆ ಎನ್‌ಎಎಬಿ ಪದವಿಯೇ ನೇರ ದಾರಿ. ಅದಿಲ್ಲದವರು ತಮ್ಮ ಭಾರತೀಯ ಪದವಿಯನ್ನು ಮೌಲ್ಯಮಾಪನಕ್ಕೆ ಒಪ್ಪಿಸಬೇಕಾಗುತ್ತದೆ. ಪದವಿಯ ಮೇಲೆ 3,740 ಗಂಟೆಗಳ ಕೆಲಸದ ಅನುಭವ, ಆರು ಭಾಗಗಳ ಪರೀಕ್ಷೆ ಬೇರೆ. ಓದು, ಕೆಲಸ ಮುಗಿಸಿ ಊರಿಗೆ ಮರಳುವ ಯೋಚನೆಯಿದ್ದರೆ ಇದು ಅಷ್ಟು ಮುಖ್ಯವಲ್ಲ, ಅಲ್ಲೇ ಸ್ವಂತ ಕಚೇರಿ ತೆರೆಯುವ ಆಸೆಯಿದ್ದರೆ ಬಹಳ ಮುಖ್ಯ.

ಬ್ರಿಟನ್ನಿನಲ್ಲೂ ‘ಆರ್ಕಿಟೆಕ್ಟ್’ ಎಂಬುದು 1997ರ ಕಾಯ್ದೆ ಕಾಪಾಡುವ ಹೆಸರು. ನೋಂದಣಿ ಎಆರ್‌ಬಿಯ ಕೈಯಲ್ಲಿದೆ. ಆರ್‌ಐಬಿಎ ವೃತ್ತಿಪರರ ಸಂಸ್ಥೆ. ಅದರ ಮನ್ನಣೆ ಗೌರವದ್ದಾದರೂ ನೋಂದಣಿಯ ಅಧಿಕಾರ ಅದಕ್ಕಿಲ್ಲ. ಇನ್ನು ಮೊದಲ ಪದವಿಯನ್ನೇ ಹೊರಗೆ ಓದಿ ಭಾರತದಲ್ಲಿ ವೃತ್ತಿ ನಡೆಸಬೇಕೆನ್ನುವವರು, ಆ ಪದವಿ ಇಲ್ಲಿನ ನೋಂದಣಿಗೆ ಒಪ್ಪಿಗೆಯೇ ಎಂದು ವಿಮಾನ ಹತ್ತುವ ಮುನ್ನವೇ ಪರಿಷತ್ತಿನಿಂದ ಬರಹದಲ್ಲಿ ಉತ್ತರ ಪಡೆಯಬೇಕು.

## ಯಾವುದು ಮೊದಲು, ಯಾವುದು ಆಮೇಲೆ

ಪರಿಷತ್ತಿನ ಅನುಮೋದನೆ ಇಲ್ಲದ ಕಾಲೇಜನ್ನು, ಅದರ ಕಟ್ಟಡ ಎಷ್ಟೇ ಚಂದವಿರಲಿ, ಮೊದಲೇ ಪಟ್ಟಿಯಿಂದ ತೆಗೆದುಹಾಕಿ. ಉಳಿದವುಗಳಲ್ಲಿ ಬೋಧಕರು, ಸ್ಟುಡಿಯೋ, ಒಟ್ಟು ಖರ್ಚು ನೋಡಿ ಎರಡು ಮೂರಕ್ಕೆ ಇಳಿಸಿ. ಅವು ಸರಿಸಮ ಎನಿಸಿದಾಗಷ್ಟೇ ನ್ಯಾಕ್ ಶ್ರೇಣಿ, ರ‍್ಯಾಂಕಿಂಗ್‌ಗಳತ್ತ ಕಣ್ಣು ಹಾಯಿಸಿ. ಕೆಇಎ ಆಯ್ಕೆಗಳನ್ನು ನಮೂದಿಸುವಾಗ ಸಮಯ ಹೆಚ್ಚಿರುವುದಿಲ್ಲ. ಈ ಕೆಲಸವೆಲ್ಲ ನಾಟಾ ಫಲಿತಾಂಶಕ್ಕೆ ಮೊದಲೇ ಮುಗಿದಿದ್ದರೆ ಒಳ್ಳೆಯದು.